ಯೇಲ್ ಕಾಲೇಜೋ, ಹಾರ್ವರ್ಡ್ ಹೌಸೋ?

ಅಮೆರಿಕದ ಈ ಎರಡೂ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದ್ದರೆ, ರೂಮಿಗಿಂತ ಮೊದಲು ನಿಮ್ಮ ಜೊತೆಗಿರುವ ಹಿರಿಯರು ಯಾರು ಅಂತ ನೋಡಿ.

ಯೇಲ್‌ನಲ್ಲಿ 14 ರೆಸಿಡೆನ್ಶಿಯಲ್ ಕಾಲೇಜುಗಳಿವೆ, ಅಂದರೆ ವಿದ್ಯಾರ್ಥಿಗಳ ವಸತಿ ಸಮುದಾಯಗಳು. ಊರು ಬಿಡುವ ಮೊದಲೇ ನಿಮ್ಮದು ಯಾವುದು ಅಂತ ಗೊತ್ತಾಗಿರುತ್ತದೆ. ಕಾಲೇಜಿನ ಮುಖ್ಯಸ್ಥರಾದ ಹೆಡ್, ಓದಿನ ಸಲಹೆ ಕೊಡುವ ಡೀನ್ ಇಬ್ಬರೂ ಅಲ್ಲೇ ವಾಸ. ಕೋರ್ಸ್ ಕೈಕೊಟ್ಟರೆ ಡೀನ್ ಹತ್ತಿರ ಹೋಗಬಹುದು. ಕಾಲೇಜಿನ ಜೊತೆ ನಂಟಿರುವ ಫೆಲೋಗಳಲ್ಲಿ ಪ್ರಾಧ್ಯಾಪಕರ ಜೊತೆ ಹೊರಗಿನ ವೃತ್ತಿಪರರೂ ಇದ್ದಾರೆ. ಆದರೆ ಹೆಚ್ಚಿನವರು ಊಟಕ್ಕೆ, ಮಾತಿಗೆ ಬಂದು ಹೋಗುವವರು. ನೀವೇ ಮುಂದಾಗಿ ಮಾತಾಡಿಸಬೇಕು. ಅತಿಥಿಗಳ ಜೊತೆ ಮಾತುಕತೆ ನಡೆಯುವ ಕಾಲೇಜ್ ಟೀ ಮಾತ್ರ ತಪ್ಪಿಸಬೇಡಿ: ಕೈಯಲ್ಲಿ ಟೀ ಕಪ್ ಹಿಡಿದೇ ದೊಡ್ಡ ಲೇಖಕರನ್ನು ಪ್ರಶ್ನೆ ಕೇಳಬಹುದು.

ಹಾರ್ವರ್ಡ್‌ನಲ್ಲಿ ಹೌಸ್ (ಯೇಲ್ ಕಾಲೇಜಿನಂಥದ್ದೇ ವಸತಿ ಸಮುದಾಯ) ವಾಸ ಶುರುವಾಗುವುದು ಎರಡನೇ ವರ್ಷದಿಂದ. ಹೌಸಿನ ಮುಖ್ಯಸ್ಥರಾದ ಫ್ಯಾಕಲ್ಟಿ ಡೀನ್ ಜೊತೆ, ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ರೆಸಿಡೆಂಟ್ ಟ್ಯೂಟರ್‌ಗಳೂ ಅಲ್ಲೇ ಇರುತ್ತಾರೆ. ಪದವಿಯ ನಂತರದ ಮೆಡಿಕಲ್, ಲಾ ಕಾಲೇಜು ಅರ್ಜಿಗೆ ಇವರ ಸಹಾಯ ದೊಡ್ಡದು. ಆ ದಾರಿ ನಿಮ್ಮದಾದರೆ ಹಾರ್ವರ್ಡ್. ಮೊದಲ ವರ್ಷವೇ ಮನೆಯಂಥ ಜಾಗ ಬೇಕಾದರೆ ನಾನು ಯೇಲ್ ಅನ್ನುತ್ತೇನೆ.