ಡೀಸೆಲ್ ಗಾಡಿಯ ಕೂಲೆಂಟ್ ಸೋರಿಕೆ: ಪುಣೆಯಲ್ಲಿ ನಾಲ್ಕು ಕಡೆ ತೋರಿಸಿದೆ, ನಾಲ್ಕು ಉತ್ತರ ಸಿಕ್ಕವು

ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಅದರ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಲೇ ಇದೆ. ಪಾರ್ಕಿಂಗ್‌ನಲ್ಲಿ ಗಾಡಿ ಕೆಳಗೆ ಬಗ್ಗಿ ನೋಡಿದರೆ ಒಂದು ಹನಿಯೂ ಇಲ್ಲ. ಡೀಸೆಲ್ ಗಾಡಿ ಇಟ್ಟವರಿಗೆ ಇದಕ್ಕಿಂತ ತಲೆನೋವಿನ ದೂರು ಇನ್ನೊಂದಿಲ್ಲ. ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ, ಒಳಗೆ ಸೋರಿದರೆ ಬರೀ ಊಹೆ. ಆ ಊಹೆಗೆ ಬಿಲ್ ಕಟ್ಟುವವರು ನಾವು.

ನನ್ನದು ಲಕ್ಷ ಕಿಲೋಮೀಟರ್ ದಾಟಿದ, ಹಳೇ ಬಿಎಸ್4 ಹೊಗೆ ನಿಯಮದ ಡೀಸೆಲ್ ಎಸ್‌ಯುವಿ. ಮನೆ ವಾರಜೆಯಲ್ಲಿ, ಊರು ಧಾರವಾಡ. ಮದುವೆ, ಹಬ್ಬ, ಅಮ್ಮನ ಆಸ್ಪತ್ರೆ ಅಂತ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾರಿಯಲ್ಲಿ ಓಡಾಟ ಇದ್ದೇ ಇರುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಖಂಬಾಟ್ಕಿ ಘಾಟ್ ಏರುವಾಗ ಕೂಲೆಂಟ್ ಕಮ್ಮಿ ಇದ್ದರೆ ಏನಾಗಬಹುದು ಅಂತ ಗೊತ್ತಲ್ವಾ? ಇಂಜಿನ್ನಿನ ಮೇಲ್ಭಾಗ, ಅಂದರೆ ಅಲ್ಯೂಮಿನಿಯಂ ಹೆಡ್, ಒಮ್ಮೆ ಕಾದು ಸೊಟ್ಟಗಾದರೆ ಖರ್ಚು ಬೇರೆಯದೇ ಮಟ್ಟಕ್ಕೆ ಹೋಗುತ್ತದೆ. ಅದಕ್ಕೇ ಇದನ್ನು ಪೂರ್ತಿ ಬಿಡಿಸಿ ನೋಡಲೇಬೇಕು ಅಂತ ಹೊರಟೆ.

ನಾಲ್ಕು ಕಡೆ ತೋರಿಸಿದೆ. ಕಂಪನಿ ಸರ್ವಿಸ್ ಸೆಂಟರ್, ಮನೆ ಹತ್ತಿರದ ಮೆಕ್ಯಾನಿಕ್, ಬರೀ ರೇಡಿಯೇಟರ್ ಕೆಲಸ ಮಾಡುವ ಅಂಗಡಿ, ಭೋಸರಿ ಕಡೆಯ ಒಂದು ಡೀಸೆಲ್ ಗ್ಯಾರೇಜ್. ಇದೆಲ್ಲ ಆದ ಮೇಲೆ ನನಗೆ ಗಟ್ಟಿಯಾಗಿರುವುದು ಇಷ್ಟು: ಸೋರುವ ಜಾಗ ಹುಡುಕುವ ಕೆಲಸಕ್ಕೆ ಬೇರೆಯಾಗಿ ದುಡ್ಡು ಕೊಡಬೇಕು, ಖುಷಿಯಿಂದ ಕೊಡಬೇಕು. ಜಾಗ ಸಿಗುವ ತನಕ ಒಂದು ಪಾರ್ಟ್‌ಗೂ ಹೂಂ ಅನ್ನಬಾರದು.

ಎಲ್ಲಿಗೇ ಹೋಗುವ ಮುಂಚೆ ಮನೆಯಲ್ಲೇ ಕೆಲವು ನೋಡಿಕೊಳ್ಳಬಹುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಡಬ್ಬಿಯ ಮಟ್ಟಕ್ಕೆ ಮಾರ್ಕರ್ ಪೆನ್ನಿಂದ ಗೆರೆ ಹಾಕಿ, ತಾರೀಖು ಮತ್ತು ಕಿಲೋಮೀಟರ್ ಬರೆದಿಡಿ. ಗಾಡಿ ಕೆಳಗೆ ನೀರು ಬಿದ್ದಿದ್ದರೆ ಬೆರಳು ಅದ್ದಿ ನೋಡಿ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದಿದ್ದರೆ ಅದು ಎಸಿ ನೀರು, ಚಿಂತೆ ಬೇಡ. ಕೂಲೆಂಟ್‌ಗೆ ಸಿಹಿ ವಾಸನೆ ಇರುತ್ತದೆ. ರುಚಿಯೂ ಸಿಹಿ ಆಗಿರುವುದರಿಂದ ಬೀದಿ ನಾಯಿ, ಬೆಕ್ಕು ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಸ್ವಲ್ಪ ಹೋದರೂ ಅವು ಸಾಯುತ್ತವೆ. ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಮುಂದಿನ ಸೀಟಿನ ಕಾಲುಚಾಪೆ ಒದ್ದೆ, ಗಾಜಿಗೆ ಜಿಡ್ಡಿನ ಮಂಜು, ಒಳಗೆಲ್ಲ ಸಿಹಿ ವಾಸನೆ ಅಂದರೆ ಹೀಟರ್ ಕೋರ್ ಮೇಲೆ, ಅಂದರೆ ಕ್ಯಾಬಿನ್ ಬಿಸಿ ಮಾಡಲು ಡ್ಯಾಶ್‌ಬೋರ್ಡ್ ಒಳಗಿರುವ ಸಣ್ಣ ರೇಡಿಯೇಟರ್ ಮೇಲೆ, ಅನುಮಾನ ಪಡಬೇಕು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಕಂಡರೆ ನೀರು ಆಯಿಲ್‌ಗೆ ಸೇರುತ್ತಿರಬಹುದು. ಆದರೆ ಮಳೆಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸಿದರೂ ಮುಚ್ಚಳದಲ್ಲಿ ಹಾಗೆ ಕಟ್ಟುತ್ತದೆ. ಹಾಗಾಗಿ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಅದನ್ನೂ ನೋಡಿ.

ಇನ್ನೊಂದು ಮಾತು ತುಂಬ ಜನಕ್ಕೆ ಗೊತ್ತಿಲ್ಲ. ಕೂಲೆಂಟ್ ಪೂರ್ತಿ ಖಾಲಿಯಾದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ ಅಂತ ಖಾತ್ರಿ ಇಲ್ಲ. ಸೆನ್ಸರ್ ಸುತ್ತ ನೀರಿಲ್ಲದೆ ಬರೀ ಗಾಳಿ ಇದ್ದರೆ ಅದು ಕಮ್ಮಿ ತೋರಿಸಬಹುದು. ಮುಳ್ಳು ನೆಟ್ಟಗಿದೆ ಅಂತ ಓಡಿಸುತ್ತಾ ಹೋಗಬೇಡಿ.

ಈಗ ಸರ್ವಿಸ್ ಸೆಂಟರ್ ವಿಷಯ. ಅಡ್ವೈಸರ್ ಸ್ಕ್ಯಾನರ್ ಹಾಕಿದರು, ಯಾವ ಕೋಡೂ ಬರಲಿಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಬಂದದ್ದು ಎಸ್ಟಿಮೇಟ್: ರೇಡಿಯೇಟರ್, ಹೋಸ್ ಸೆಟ್, ವಾಟರ್ ಪಂಪ್, ಹೊಸ ಕೂಲೆಂಟ್, ಲೇಬರ್, ಎಲ್ಲ ಸೇರಿ ಮೂವತ್ತೈದು ಸಾವಿರದ ಆಸುಪಾಸು. ಇಷ್ಟು ಮಾಡಿದ ಮೇಲೂ ಮಟ್ಟ ಇಳಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿರಬಹುದು, ಅದಕ್ಕೆ ಬೇರೆ ಎಸ್ಟಿಮೇಟ್ ಕೊಡುತ್ತೇವೆ ಅಂದರು. "ಪ್ರೆಶರ್ ಟೆಸ್ಟ್ ಮಾಡಿ ತೋರಿಸ್ತೀರಾ?" ಅಂತ ಕೇಳಿದೆ, ಅಂದರೆ ಕೂಲೆಂಟ್ ದಾರಿಗೆ ಒತ್ತಡ ತುಂಬಿ ಸೋರುವುದು ಎಲ್ಲಿ ಅಂತ ನೋಡುವುದು. ಕೆಲಸಕ್ಕೆ ಒಪ್ಪಿಗೆ ಕೊಟ್ಟರೆ ಮಾಡುತ್ತೇವೆ ಅನ್ನುವ ಉತ್ತರ ಬಂತು. ನನಗೆ ಸರಿ ಬರಲಿಲ್ಲ. ಸ್ಕ್ಯಾನರ್ ಬಿಸಿ ಎಷ್ಟಿದೆ ಅಂತ ಓದುತ್ತದೆ, ಫ್ಯಾನ್ ಯಾವಾಗ ತಿರುಗಿತು ಅಂತ ಹೇಳುತ್ತದೆ. ತೂತು ಎಲ್ಲಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಹಾಗಂತ ಸರ್ವಿಸ್ ಸೆಂಟರ್ ದಂಡ ಅಂತ ನಾನು ಹೇಳುವುದಿಲ್ಲ. ಗಾಡಿ ವಾರಂಟಿಯಲ್ಲಿದ್ದರೆ ಬೇರೆ ಕಡೆ ಕೈ ಹಾಕಿಸಲೇಬೇಡಿ. ಟೈಮಿಂಗ್ ಬೆಲ್ಟ್ ಬಿಚ್ಚುವ ಕೆಲಸಕ್ಕೂ ನಾನು ಅಲ್ಲಿಗೇ ಹೋಗುತ್ತೇನೆ. ರೆನೋ, ನಿಸ್ಸಾನ್ ಗಾಡಿಗಳಲ್ಲಿ ಬಂದ 1.5 ಲೀಟರ್ ಕೆ9ಕೆ ಡೀಸೆಲ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಅಂಥ ಇಂಜಿನ್‌ನಲ್ಲಿ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿದರೆ ಲೇಬರ್ ಒಂದೇ ಸಲ. ಸ್ವಿಫ್ಟ್, ಡಿಜೈರ್‌ಗಳಲ್ಲಿದ್ದ ಫಿಯಟ್ 1.3 ಮಲ್ಟಿಜೆಟ್‌ನಲ್ಲಿ ಟೈಮಿಂಗ್‌ಗೆ ಚೈನ್ ಇದೆ, ಪಂಪ್ ಹೊರಗಿನ ಬೆಲ್ಟ್‌ಗೆ. ಅಲ್ಲಿ ಆ ಲೆಕ್ಕ ಬೇಡ.

ಮನೆ ಹತ್ತಿರದ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ನನಗೆ ಹಿಡಿಸಿತು. ಹೋಸ್‌ಗಳನ್ನು ಒಂದೊಂದಾಗಿ ಹಿಂಡಿ ನೋಡಿದ. ಕೆಳಗಿನ ಹೋಸಿನ ಬಾಯಲ್ಲಿ ಬಿಳಿ ಉಪ್ಪಿನಂಥ ಕಲೆ ತೋರಿಸಿದ. ಕ್ಲಿಪ್ ಸಡಿಲಾಗಿತ್ತು, ಹೊಸದು ಹಾಕಿದ. ಇನ್ನೂರು ರೂಪಾಯಿ ಆಯಿತು. ಸೋರಿಕೆ ಅರ್ಧಕ್ಕೆ ಇಳಿಯಿತು. ಹೊರಗಿನ ಸೋರಿಕೆಗೆ, ಅಂದರೆ ಕ್ಲಿಪ್, ಹೋಸ್, ಥರ್ಮೋಸ್ಟಾಟ್ ಹೌಸಿಂಗ್, ಬಿರುಕು ಬಿಟ್ಟ ಡಬ್ಬಿ, ಇವಕ್ಕೆಲ್ಲ ಇಂಥವರೇ ಸಾಕು. ಮಿಕ್ಕ ಅರ್ಧಕ್ಕೆ ಅವನು ಹೇಳಿದ್ದು ಸ್ಟಾಪ್ ಲೀಕ್ ಪುಡಿ, ಕೂಲೆಂಟ್‌ಗೆ ಸುರಿದರೆ ತೂತು ಮುಚ್ಚುತ್ತದೆ ಅನ್ನುವಂಥದ್ದು. ಅದಕ್ಕೆ ನಾನು ಒಪ್ಪಲಿಲ್ಲ. ಆ ಪುಡಿಗೆ ತೂತು ಯಾವುದು, ರೇಡಿಯೇಟರ್‌ನ ಸಣ್ಣ ನಳಿಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಹೀಟರ್ ಕೋರ್ ಕಟ್ಟಿಕೊಂಡರೆ ಇನ್ನೊಂದು ಖರ್ಚು. ನಡುರಾತ್ರಿ ಕರಾಡ್ ಹತ್ತಿರ ಸಿಕ್ಕಿಹಾಕಿಕೊಂಡು ಮನೆ ಮುಟ್ಟಬೇಕಾದರೆ ಹಾಕಿ, ಅಷ್ಟಕ್ಕೇ ಇರಲಿ.

ರೇಡಿಯೇಟರ್ ಅಂಗಡಿಯವರು ಜತ್ ಕಡೆಯವರು, ಮನೆಮಾತು ಕನ್ನಡ. ರೇಡಿಯೇಟರ್ ಬಿಚ್ಚಿ, ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ತಿರುಗಿಸಿ ತಿರುಗಿಸಿ ನೋಡಿದರೂ ಒಂದು ಗುಳ್ಳೆ ಏಳಲಿಲ್ಲ. "ಸರ, ಇದರಾಗ ಏನೂ ಇಲ್ರಿ. ಇದನ್ನ ಬದಲಿ ಮಾಡಿದ್ರ ರೊಕ್ಕ ಸುಮ್ನ ಹೋಕ್ಕೈತಿ" ಅಂದರು. ಸಾವಿರ ರೂಪಾಯಿ ತಗೊಂಡರು. ರೇಡಿಯೇಟರ್ ಮಾರುವವರೇ ರೇಡಿಯೇಟರ್ ಬೇಡ ಅಂದದ್ದು ನನಗೆ ದೊಡ್ಡದಾಗಿ ಕಂಡಿತು. ಹಳೇ ತಾಮ್ರ, ಹಿತ್ತಾಳೆಯ ರೇಡಿಯೇಟರ್ ಆದರೆ ಇವರು ಬೆಸುಗೆ ಹಾಕಿ ಸರಿಮಾಡುತ್ತಾರೆ. ಈಗಿನ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಇರುವುದಕ್ಕೆ ಬೆಸುಗೆ ನಿಲ್ಲುವುದು ಕಷ್ಟ. ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಟ್ಯಾಂಕ್ ಮಾತ್ರ ಬದಲಿಸುವುದುಂಟು. ಎಂ-ಸೀಲ್ ಮೆತ್ತಿ ಕೊಟ್ಟರೆ ಅದು ಊರು ಮುಟ್ಟುವ ತನಕ ಮಾತ್ರ.

ಭೋಸರಿಯ ಗ್ಯಾರೇಜಿನಲ್ಲಿ ಟೆಸ್ಟ್‌ಗೆ ಎಂಟುನೂರು ರೂಪಾಯಿ ಅಂತ ಮೊದಲೇ ಹೇಳಿದರು. ಏನು ಸಿಕ್ಕರೂ, ಸಿಗದಿದ್ದರೂ ಎಂಟುನೂರು. ನನಗೆ ಬೇಕಾಗಿದ್ದದ್ದು ಇದೇ.

ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಡಲು ಹೇಳಿದ್ದರು, ಇಂಜಿನ್ ತಣ್ಣಗಿರಬೇಕು ಅಂತ. ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದು ಆ ಜಾಗಕ್ಕೆ ಕೈಪಂಪು ಕೂರಿಸಿದರು. ಸೈಕಲ್ ಪಂಪಿನ ಥರ, ಮೇಲೆ ಗಡಿಯಾರದಂಥ ಗೇಜ್. ಮುಚ್ಚಳದ ಮೇಲೆ ಎಷ್ಟು ಒತ್ತಡ ಬರೆದಿದೆಯೋ ಅಷ್ಟೇ ತುಂಬಬೇಕು. ನನ್ನದರಲ್ಲಿ 1.1 ಬಾರ್ ಇತ್ತು. ಈ ಒತ್ತಡ ಯಾಕೆ ಮುಖ್ಯ ಅಂದರೆ, ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡ ಇದ್ದರೆ ಅದೇ ನೀರು ಸುಮಾರು 120 ಡಿಗ್ರಿ ತನಕ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಎಲ್ಲೂ ತೂತಿಲ್ಲದೆಯೂ ಕೂಲೆಂಟ್ ಆವಿಯಾಗಿ ಹೋಗುತ್ತದೆ. ಹಾಗಾಗಿ ಮುಚ್ಚಳವನ್ನೂ ಬೇರೆ ಅಡಾಪ್ಟರ್ ಹಾಕಿ ಪರೀಕ್ಷೆ ಮಾಡಿದರು. ಅದು ಸರಿಯಿತ್ತು.

ಗೇಜಿನ ಮುಳ್ಳು ನಿಲ್ಲಲಿಲ್ಲ. ನೋಡನೋಡುತ್ತಲೇ ನಿಧಾನಕ್ಕೆ ಜಾರಿತು. ಹೋಸ್, ಪಂಪ್, ಹೌಸಿಂಗ್ ಎಲ್ಲ ಒಣ ಬಟ್ಟೆಯಿಂದ ಒರೆಸಿ ನೋಡಿದರು, ಎಲ್ಲೂ ಒದ್ದೆ ಇಲ್ಲ. ಅಂದರೆ ಒಳಗೆ ಹೋಗುತ್ತಿದೆ. ಡೀಸೆಲ್‌ನಲ್ಲಿ ಒಳಗೆ ಹೋಗಲು ಹೆಡ್ ಗ್ಯಾಸ್ಕೆಟ್ ಒಂದೇ ದಾರಿ ಅಲ್ಲ, ಇಜಿಆರ್ ಕೂಲರ್ ಅಂತ ಇನ್ನೊಂದಿದೆ. ಇಂಜಿನ್‌ನಿಂದ ಹೊರಬರುವ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ತಣ್ಣಗೆ ಮಾಡಿ ಮತ್ತೆ ಒಳಗೆ ಕಳಿಸುವ ಡಬ್ಬಿ ಅದು. ಒಂದು ಕಡೆ ಕೆಂಡದಂಥ ಹೊಗೆ, ಇನ್ನೊಂದು ಕಡೆ ಕೂಲೆಂಟ್, ನಡುವೆ ತೆಳ್ಳಗಿನ ಲೋಹ. ಕಾದು ಆರಿ, ಕಾದು ಆರಿ, ವರ್ಷಗಳ ಮೇಲೆ ಅದು ಬಿರಿಯುತ್ತದೆ. ಕೂಲೆಂಟ್ ಹೊಗೆಯ ದಾರಿಗೆ ಸೇರಿ ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ನೆಲದ ಮೇಲೆ ಹನಿ ಹೇಗೆ ಬಿದ್ದೀತು?

ಅವರು ಮುಂದೆ ಮಾಡಿದ್ದು ನೋಡಿ ನನಗೆ ಗೌರವ ಬಂತು. ಕೂಲರ್‌ಗೆ ಹೋಗುವ ಎರಡು ಕೂಲೆಂಟ್ ಹೋಸ್‌ಗಳನ್ನು ಬಿಚ್ಚಿ, ಒಂದಕ್ಕೊಂದು ಸಣ್ಣ ಪೈಪಿನಿಂದ ಜೋಡಿಸಿದರು. ಈಗ ಕೂಲರ್ ಲೆಕ್ಕದಿಂದ ಹೊರಗೆ. ಮತ್ತೆ ಪಂಪ್ ಮಾಡಿದರು. ಮುಳ್ಳು ಅಲುಗಲಿಲ್ಲ. ಚಹಾ ಕುಡಿದು ಬಂದೆವು, ಆಗಲೂ ಅಲ್ಲೇ ಇತ್ತು. ಕೂಲರ್ ಬಿಚ್ಚಿ ಹೊಗೆಯ ಬಾಯಲ್ಲಿ ಟಾರ್ಚ್ ಬಿಟ್ಟು ತೋರಿಸಿದರು. ಸುತ್ತಲೂ ದಪ್ಪ ಮಸಿ, ಒಂದು ಕಡೆ ಮಾತ್ರ ತೊಳೆದಂತೆ ಬೋಳು ಲೋಹ. ಅಷ್ಟಕ್ಕೇ ಬಿಡದೆ ಹೆಡ್ ಗ್ಯಾಸ್ಕೆಟ್ ಅನುಮಾನವನ್ನೂ ತೀರಿಸೋಣ ಅಂತ, ಕೂಲರ್ ಹೊರಗಿಟ್ಟೇ ಇಂಜಿನ್ ಓಡಿಸಿ, ಡಬ್ಬಿಯ ಬಾಯಿಗೆ ನೀಲಿ ದ್ರವದ ನಳಿಗೆ ಇಟ್ಟು ನೋಡಿದರು. ಕೂಲೆಂಟ್‌ಗೆ ಹೊಗೆ ಸೇರುತ್ತಿದ್ದರೆ ಆ ನೀಲಿ ಹಸಿರಿಗೋ ಹಳದಿಗೋ ತಿರುಗಬೇಕು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಪೆಟ್ರೋಲ್‌ಗಿಂತ ಕಮ್ಮಿ, ಬಣ್ಣ ಬೇಗ ತಿರುಗುವುದಿಲ್ಲ, ಅದಕ್ಕೆ ಜಾಸ್ತಿ ಹೊತ್ತು ಕಾಯಬೇಕು ಅಂದರು. ಕಾದೆವು. ನೀಲಿಯಾಗೇ ಉಳಿಯಿತು. ಇಜಿಆರ್ ಕೂಲರ್ ಒಡೆದಾಗಲೂ ಡಬ್ಬಿಯಲ್ಲಿ ಗುಳ್ಳೆ ಬರಬಹುದು. ಕೂಲರನ್ನು ಬೇರೆ ಮಾಡದೆ ಈ ಪರೀಕ್ಷೆ ಮಾಡಿ ಹೆಡ್ ಬಿಚ್ಚಿಸಿಕೊಂಡವರು ಎಷ್ಟು ಜನರೋ ಅನಿಸಿತು.

ರಿಪೇರಿಗೆ ಮೂರು ದಾರಿ ಇಟ್ಟರು. ಹೊಸ ಒರಿಜಿನಲ್ ಕೂಲರ್, ಪಾರ್ಟ್ ಮತ್ತು ಲೇಬರ್ ಸೇರಿ ಇಪ್ಪತ್ತು ಸಾವಿರದ ಹತ್ತಿರ. ಗುಜರಿ ಗಾಡಿಯಿಂದ ಬಿಚ್ಚಿದ್ದು, ಅರ್ಧಕ್ಕಿಂತ ಕಮ್ಮಿ. ಇಲ್ಲವೇ ಕೂಲರೇ ಬೇಡ ಅಂತ ಬ್ಲಾಂಕ್ ಮಾಡಿ ಮುಚ್ಚುವುದು, ಒಂದೆರಡು ಸಾವಿರ. ಮುಚ್ಚುವುದು ಅಗ್ಗ, ಆದರೆ ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡಲೆಂದೇ ಇಟ್ಟ ಭಾಗ ಅದು. ಪುಣೆಯ ಗಾಳಿ ಈಗಾಗಲೇ ಹೇಗಿದೆ ಅಂತ ಸ್ವಾರ್‌ಗೇಟ್‌ನಲ್ಲಿ ಸಿಗ್ನಲ್‌ಗೆ ನಿಂತವರಿಗೆಲ್ಲ ಗೊತ್ತು. ನನ್ನ ಗಾಡಿಯಿಂದ ಅದಕ್ಕೆ ಇನ್ನಷ್ಟು ಸೇರಿಸುವುದು ನನಗೆ ಬೇಡ. ಗುಜರಿ ಕೂಲರ್‌ಗೂ ಅಷ್ಟೇ ವಯಸ್ಸಾಗಿರುತ್ತದೆ. ಹೊಸದನ್ನೇ ಹಾಕಿಸಿದೆ.

ಪಾರ್ಟನ್ನು ನಾವೇ ಪುಣೆಯ ಬಿಡಿಭಾಗಗಳ ಮಾರುಕಟ್ಟೆ ನಾನಾ ಪೇಠ್‌ನಿಂದ ತಂದರೆ ಸ್ವಲ್ಪ ಉಳಿಯುತ್ತದೆ ನಿಜ. ಆದರೆ ಮತ್ತೆ ಸೋರಿದರೆ ಗ್ಯಾರೇಜಿನವರು ಪಾರ್ಟ್ ಸರಿಯಿಲ್ಲ ಅಂತಾರೆ, ಅಂಗಡಿಯವರು ಫಿಟ್ಟಿಂಗ್ ಸರಿಯಿಲ್ಲ ಅಂತಾರೆ. ಹೋಸ್, ಕ್ಲಿಪ್ ತರಲು ಪೇಠ್‌ಗೆ ಹೋಗಿ. ದೊಡ್ಡ ಪಾರ್ಟ್ ಮತ್ತು ಲೇಬರ್ ಒಂದೇ ಬಿಲ್‌ನಲ್ಲಿ ಇರಲಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ 18%. ಮೊದಲು ಎಷ್ಟೋ ಭಾಗಗಳಿಗೆ 28% ಇತ್ತು. ಯಾರಾದರೂ ಹಳೇ ಎಸ್ಟಿಮೇಟ್ ತೋರಿಸಿದರೆ ತೆರಿಗೆಯ ಸಾಲು ನೋಡಿ. ಬಿಚ್ಚಿದ ಹಳೇ ಪಾರ್ಟನ್ನು ಡಿಕ್ಕಿಗೆ ಹಾಕಿಸಿಕೊಳ್ಳಿ. ನಾನು ಪಾರ್ಟ್ ಬಂದಾಗ ಅರ್ಧ ದುಡ್ಡು ಕೊಟ್ಟೆ. ಮಿಕ್ಕಿದ್ದನ್ನು ಹೊಸ ಕೂಲರ್ ಹಾಕಿ ಮತ್ತೆ ಪ್ರೆಶರ್ ಟೆಸ್ಟ್ ಮಾಡಿ, ಮುಳ್ಳು ನಿಂತದ್ದು ನೋಡಿದ ಮೇಲೆ.

ಇನ್ಶೂರೆನ್ಸ್ ಬರುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಸವೆದು ಹಾಳಾದದ್ದಕ್ಕೆ ಬರುವುದಿಲ್ಲ. ಕಲ್ಲು ಬಡಿದು, ಅಪಘಾತವಾಗಿ ರೇಡಿಯೇಟರ್ ಒಡೆದರೆ ಕ್ಲೇಮ್ ಮಾಡಬಹುದು. ಆದರೆ ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತ ಇದೆ. 1500 ಸಿಸಿ ಮೀರಿದ ಕಾರಾದರೆ ಮೊದಲ ₹2,000 ನಮ್ಮದೇ, ಅದಕ್ಕಿಂತ ಚಿಕ್ಕದಾದರೆ ₹1,000. ಮೇಲಿಂದ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಹೋಗುತ್ತದೆ. ಸಣ್ಣ ಬಿಲ್ ಆದರೆ ಕೈಯಿಂದ ಕೊಡುವುದೇ ಲಾಭ.

ಕೊನೆಗೆ ಕೂಲೆಂಟ್ ತುಂಬುವ ಕೆಲಸ. ಇದನ್ನು ಅವಸರದಲ್ಲಿ ಮುಗಿಸಲು ಬಿಡಬೇಡಿ. ಗಾಳಿ ಒಳಗೆ ಸಿಕ್ಕಿಕೊಂಡರೆ ಹೊಸ ಪಾರ್ಟ್ ಹಾಕಿದ ಗಾಡಿಯೂ ಹೀಟ್ ಆಗುತ್ತದೆ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ತೆಗೆದು, ಗುಳ್ಳೆ ನಿಲ್ಲುವ ತನಕ ತುಂಬಿಸಬೇಕು. ಕಾನ್ಸೆಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಲಿ, ಬೋರ್‌ವೆಲ್ ನೀರು ಬೇಡವೇ ಬೇಡ. ಮೊದಲೇ ನೀರು ಬೆರೆಸಿ ಮಾರುವ ಪ್ರೀಮಿಕ್ಸ್ ಆದರೆ ಮತ್ತೆ ನೀರೇ ಬೆರೆಸಬಾರದು. ಹಸಿರು, ಗುಲಾಬಿ ಅಂತ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ ಬಗೆಯನ್ನೇ ಹಾಕಿಸಿ. ಒಂದೆರಡು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಮಟ್ಟ ಸ್ವಲ್ಪ ಇಳಿಯುವುದು ಸಹಜ, ಒಳಗಿನ ಗಾಳಿ ಹೊರಬಂದಿರುತ್ತದೆ. ಒಂದು ಸಲ ಗೆರೆಯ ತನಕ ತುಂಬಿ. ಆಮೇಲೂ ಇಳಿದರೆ ಬಿಲ್ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋಗಿ.