ಗ್ರೀಸ್ ಹಚ್ಚಿದ್ದೆ, ಹೊಡೆದಿರಲಿಲ್ಲ

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟರ್ ಇಟ್ಟುಕೊಂಡವರು ನಾಳೆ ಹೊಲಕ್ಕೆ ಹೋಗುವ ಮೊದಲು ಇದನ್ನು ಓದಿ.

ನಮ್ಮದು ಮಹಾರಾಷ್ಟ್ರದ ಜತ್ತ ತಾಲೂಕು, ಉಮದಿ ಕಡೆ. ಉತ್ತರಿ ಮಳೆ ಬಿದ್ದು ಹದ ಬಂದಿತ್ತು. ಬಿಳಿಜೋಳ ಬಿತ್ತುವ ಅವಸರ; ನಾಲ್ಕು ದಿನ ಬಿಟ್ಟರೆ ಎರಿ ಮಣ್ಣು ಹೆಂಟೆಗಟ್ಟುತ್ತದೆ.

ಟ್ರ್ಯಾಕ್ಟರಿನ ತಿರುಗುವ ಶಕ್ತಿಯನ್ನು ರೋಟರಿಗೆ ಒಯ್ಯುವ ಪಿಟಿಒ ಶಾಫ್ಟಿಗೆ ಎರಡೂ ತುದಿಗೆ ಒಂದೊಂದು ಕ್ರಾಸ್, ಅಂದರೆ ನಾಲ್ಕು ತೋಳಿನ ಕೀಲು; ಪ್ರತಿ ತೋಳಿನ ತುದಿಗೆ ಬೇರಿಂಗ್ ಇರುವ ಒಂದು ಕಪ್. ಟ್ರ್ಯಾಕ್ಟರ್ ಕಡೆಯದಕ್ಕೆ ಗ್ರೀಸ್ ಗನ್ ಸಲೀಸಾಗಿ ಕೂಡುತ್ತದೆ. ರೋಟರ್ ಕಡೆಯ ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಬಾಯಿ) ಮಾತ್ರ ಸಂದಿಯೊಳಗೆ, ಮೇಲೆ ಪ್ಲಾಸ್ಟಿಕ್ ಕವರ್. ನೆಲಕ್ಕೆ ಮಲಗಿ ಕೈಯಿಂದ ತಡಕಬೇಕು. ದಿನಾ ಮುಂಜಾನೆ ತಡಕಿ ನಾಲ್ಕು ಸಲ ಒತ್ತುತ್ತಿದ್ದೆ, ಬೆರಳಿಗೆ ಗ್ರೀಸ್ ಹತ್ತಿದರೆ ಆಯ್ತು ಅಂತ ಏಳುತ್ತಿದ್ದೆ.

ಎರಡು ದಿನದಿಂದ ತಿರುವಿನಲ್ಲಿ ರೋಟರ್ ಎತ್ತಿದಾಗ ಕಟಕಟ ಸಪ್ಪಳ. ಕ್ರಾಸಿನ ಒಂದು ಕಪ್ಪಿನ ಸುತ್ತ ಕೆಂಪು ಪುಡಿಯೂ ಕಂಡಿತ್ತು. ಕೆಮ್ಮಣ್ಣು ಅಂದುಕೊಂಡೆ. ಎರಿ ಹೊಲದಾಗ ಕೆಮ್ಮಣ್ಣು ಎಲ್ಲಿಂದ ಬರಬೇಕು! ಒಳಗೆ ಒಣಗಿದ ಬೇರಿಂಗ್ ತುಕ್ಕು ಉದುರಿಸುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಕ್ರಾಸ್ ಮುರಿಯಿತು. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಒಂದು ತುದಿ ಟ್ರ್ಯಾಕ್ಟರಿನಲ್ಲಿ ತಿರುಗುತ್ತಲೇ ಇದೆ, ಇನ್ನೊಂದು ಬಿಡುಗಡೆ. ಕ್ಲಚ್ ತುಳಿಯುವಷ್ಟರಲ್ಲಿ ಶಾಫ್ಟ್ ಕವರ್ ಹರಿದು, ರೋಟರ್ ಎತ್ತುವ ಲಿಂಕಿಗೆ ಬಡಿದು ಬಾಗಿತ್ತು. ಬೇರು ಆರಿಸುತ್ತ ಹಿಂದೆಯೇ ಬರುತ್ತಿದ್ದ ಕಾಕಾನ ಮಗ ನೀರು ಕುಡಿಯಲು ಬದುವಿನ ಬೇವಿನ ಗಿಡದ ಹತ್ತಿರ ಹೋಗಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ಈಗಲೂ ಕೈ ನಡುಗುತ್ತದೆ.

ಮಿಸ್ತ್ರಿ ಬಿಚ್ಚಿ ತೋರಿಸಿದ. ಮೂರು ಕಪ್ಪಿನಲ್ಲಿ ಹಳೇ ಗ್ರೀಸ್ ಮೇಣದಂತೆ ಗಟ್ಟಿ. ನಾಲ್ಕನೆಯದರಲ್ಲಿ ಬೇರಿಂಗಿನ ಸೂಜಿಗಳೇ ಪುಡಿ; ಕ್ರಾಸಿನ ತೋಳಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು. ನಿಪ್ಪಲ್ ಬಾಯಿಗೆ ಮಣ್ಣು ಬಿಗಿದು ಕೂತಿತ್ತು, ನನ್ನ ಗನ್ನಿನ ಬಾಯಿಯೂ ಸವೆದಿತ್ತು. ಒತ್ತಿದ್ದೆಲ್ಲ ಪಕ್ಕದಿಂದ ಹೊರಗೆ. "ಮಾಲಕರ, ನೀವು ಗ್ರೀಸ್ ಹಚ್ಚೀರಿ, ಹೊಡದಿಲ್ಲ" ಅಂದ.

ಈಗ ಎಂಟು ತಾಸಿಗೊಮ್ಮೆ ಹೊಡೆಯುತ್ತೇನೆ. ರೋಟರ್ ನೆಲಕ್ಕಿಳಿಸಿ, ಇಂಜಿನ್ ಬಂದ್ ಮಾಡಿ, ಕೀ ಕಿಸೆಗೆ. ಶಾಫ್ಟನ್ನು ಕೈಯಿಂದಲೇ ತಿರುಗಿಸಿ ನಿಪ್ಪಲನ್ನು ಕವರಿನ ತೂತಿಗೆ ತರುತ್ತೇನೆ. ಅರಿವೆಯಿಂದ ಒರೆಸಿ, ಕಡ್ಡಿಯಿಂದ ಅದರ ಸಣ್ಣ ಗುಂಡು ಒತ್ತಿ ನೋಡುತ್ತೇನೆ; ಒಳಗೆ ಹೋಗಿ ವಾಪಸ್ ಬರದಿದ್ದರೆ ನಿಪ್ಪಲ್ ಬದಲು. ಗನ್ನಿಗೆ ಉದ್ದ ರಬ್ಬರ್ ಪೈಪ್ ಹಾಕಿಸಿದ ಮೇಲೆ ಮಲಗುವ ಕೆಲಸವೂ ತಪ್ಪಿತು. ನಾಲ್ಕೂ ಕಪ್ಪಿನ ಅಂಚಿನಿಂದ ಹಳೇ ಕರಿ ಗ್ರೀಸ್ ಇಣುಕುವವರೆಗೆ ಮೆಲ್ಲಗೆ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಶಾಫ್ಟನ್ನು ಆಚೀಚೆ ಅಲುಗಾಡಿಸಿ ಮತ್ತೆ ಒತ್ತಿ. ಆಗಲೂ ಬರದಿದ್ದರೆ ಕ್ರಾಸ್ ಬಿಚ್ಚಿಸಿ ನೋಡದೆ ಹೊಲಕ್ಕಿಳಿಸಬೇಡಿ. ಶಾಫ್ಟಿನ ಒಂದರೊಳಗೊಂದು ಜಾರುವ ಎರಡು ಪೈಪಿಗೂ ಗ್ರೀಸ್ ಬೇಕು, ಅದನ್ನು ಬಹಳ ಮಂದಿ ಮರೆಯುತ್ತಾರೆ.

ಬಿಡಿಭಾಗದ ಅಂಗಡಿಯವನು "ಕವರ್ ಯಾಕ್ರೀ, ಕತ್ತರಿಸಿ ಒಗೀರಿ, ಗನ್ ಆರಾಮ ಕೂಡ್ತದ" ಅಂದ. ಪಕ್ಕದ ಹೊಲದ ಮಾಮಾ ಇನ್ನೂ ಒಂದು ಹೆಜ್ಜೆ ಮುಂದೆ: "ಸಾವಕಾಶ ಪಿಟಿಒ ಬಿಡು, ನಿಪ್ಪಲ್ ತಾನ ಮ್ಯಾಲೆ ಬರ್ತದ." ಮಾಮಾ ಉಡುವುದು ಧೋತರ. ಅವರ ಚುಂಗು ನೋಡಿದೆ, ಕೀ ಕಿಸೆಯಲ್ಲಿದೆಯಾ ಅಂತ ಮುಟ್ಟಿಕೊಂಡೆ.