ಸೀಲಿಂಗ್ ಡೌನ್‌ಲೈಟ್, ಕೋವ್ ಸ್ಟ್ರಿಪ್, ಗೋಡೆ ದೀಪ: ನನ್ನ ಓಟು ಗೋಡೆ ದೀಪಕ್ಕೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಗೋಡೆ ದೀಪ. ಓದುವ ಜಾಗದಲ್ಲಿ ಜೊತೆಗೊಂದು ಟೇಬಲ್ ಲ್ಯಾಂಪ್ ಇದ್ದರೆ ಮುಗೀತು. ನಮ್ಮ ಮನೆಯಲ್ಲಿ ಮೂರು ಥರದ ದೀಪಗಳೂ ಇವೆ. ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ 12 ವ್ಯಾಟ್‌ನ 8 ಡೌನ್‌ಲೈಟ್‌ಗಳು (ಸೀಲಿಂಗ್‌ಗೆ ತೂತು ಕೊರೆದು ಕೂರಿಸುವ, ಕೆಳಗೆ ಬೆಳಕು ಬಿಡುವ ದೀಪ), ಮಲಗುವ ಕೋಣೆಯಲ್ಲಿ ಕೋವ್ (ಸೀಲಿಂಗ್ ಅಂಚಿನಲ್ಲಿ ದೀಪ ಮರೆಮಾಡುವ ಗೂಡು) ಒಳಗೆ ಸುತ್ತಲೂ ಎಲ್‌ಇಡಿ ಸ್ಟ್ರಿಪ್, ಓದುವ ಕೋಣೆಯಲ್ಲಿ ಗೋಡೆ ದೀಪ. ಮೂರನ್ನೂ ಸಾಕಷ್ಟು ಬಳಸಿದ ಮೇಲೆ ಹಾಲ್‌ಗೂ ಗೋಡೆ ದೀಪವನ್ನೇ ಹಾಕಿಸಿದೆವು.

ಎಲ್‌ಇಡಿ ಕಡಿಮೆ ಕರೆಂಟ್ ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಳೇ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ) ಬೆಳಕನ್ನು ಈಗ 8-9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಆದರೆ ದೀಪವನ್ನು ಬೇಡದ ಜಾಗದಲ್ಲಿ ಕೂರಿಸಿದರೆ ಎರಡರ ಬದಲು ಎಂಟು ಉರಿಸಬೇಕಾಗುತ್ತದೆ. ಉಳಿಸಿದ್ದೆಲ್ಲ ಅಲ್ಲೇ ಹೋಯಿತು, ಅಲ್ವಾ?

ಡೌನ್‌ಲೈಟ್‌ಗಳಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಜಾಸ್ತಿ ಕಾಟ ಕೊಟ್ಟಿದ್ದು ಅವೇ. ಹಾಕಿಸಿದ ದಿನ ಹಾಲ್ ತುಂಬಾ ಚೆನ್ನಾಗಿ ಕಂಡಿತು. ಸೀಲಿಂಗ್ ನುಣ್ಣಗೆ, ಎಲ್ಲ ಕಡೆ ಒಂದೇ ಸಮನೆ ಬೆಳಕು. ತೊಂದರೆ ಕಾಣಿಸಿದ್ದು ಫ್ಯಾನ್ ಹಾಕಿದಾಗ. ಕೈಯಲ್ಲಿದ್ದ ಪುಸ್ತಕದ ಹಾಳೆಯ ಮೇಲೆ ಬೆಳಕು ಪಟಪಟ ಅಂತ ಮಿಣುಕುತ್ತಿತ್ತು. ದೀಪವೇ ಕೆಟ್ಟಿದೆ ಅಂದುಕೊಂಡೆವು. ಎಲೆಕ್ಟ್ರಿಷಿಯನ್ ಬಂದು ಡ್ರೈವರ್ (ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಪುಟ್ಟ ಡಬ್ಬಿ) ಬದಲಿಸಿದರೂ ಮಿಣುಕು ಹಾಗೇ ಇತ್ತು. ಫ್ಯಾನ್ ಆಫ್ ಮಾಡಿದರೆ ಮಾತ್ರ ನಿಲ್ಲುತ್ತಿತ್ತು.

ಲೆಕ್ಕ ಹಾಕಿದರೆ ಕಾರಣ ಸುಲಭವಾಗಿ ಸಿಗುತ್ತದೆ. ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 5 ಸುತ್ತಾಯಿತು. ರೆಕ್ಕೆ 3 ಇರುವುದರಿಂದ ಸೆಕೆಂಡಿಗೆ 15 ಸಲ ಬೆಳಕಿಗೆ ಅಡ್ಡ ಬರುತ್ತದೆ. ಕಣ್ಣಿಗೆ ಚೆನ್ನಾಗಿ ಗೊತ್ತಾಗುವ, ತಲೆನೋವು ತರಿಸುವ ವೇಗ ಅದು. ಸ್ಪೀಡ್ ಕಡಿಮೆ ಮಾಡಿದರೆ ಇನ್ನೂ ಕಷ್ಟ. 120 ಸುತ್ತಿಗೆ ಇಳಿಸಿದರೆ ಸೆಕೆಂಡಿಗೆ 6 ನೆರಳು ಬರುತ್ತವೆ, ಒಂದೊಂದೂ ಬೇರೆ ಬೇರೆಯಾಗಿ ಗೋಡೆ ಮೇಲೆ ಓಡುವುದು ಕಾಣುತ್ತದೆ.

ನಮ್ಮ 8 ದೀಪಗಳಲ್ಲಿ ಫ್ಯಾನ್ ಹತ್ತಿರದ 4 ಕೂಡ ಅದರ ಮೇಲೇ ಇರಲಿಲ್ಲ, ರೆಕ್ಕೆಯ ತುದಿಯಿಂದ ಒಂದಡಿ ಆಚೆಗಿದ್ದವು. ನಕ್ಷೆಯಲ್ಲಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ರೆಕ್ಕೆ ಸೀಲಿಂಗ್‌ಗಿಂತ ಒಂದಡಿ ಕೆಳಗೆ ತಿರುಗುತ್ತದೆ. ಒಂದಡಿ ಆಚೆ, ಒಂದಡಿ ಕೆಳಗೆ ಅಂದರೆ 45 ಡಿಗ್ರಿ. ಅಷ್ಟು ಓರೆಯಾಗಿ ಹೊರಟ ಬೆಳಕು ರೆಕ್ಕೆಗೆ ತಾಗಿಯೇ ತಾಗುತ್ತದೆ. ನಮ್ಮವು ಬೆಳಕನ್ನು 120 ಡಿಗ್ರಿ ಹರಡುವ ಚಪ್ಪಟೆ ಪ್ಯಾನೆಲ್‌ಗಳು, ಅಂದರೆ ನಡುವಿನಿಂದ ಎರಡೂ ಕಡೆ 60 ಡಿಗ್ರಿ. ಹಾಗಾಗಿ ಫ್ಯಾನಿನ ಈ ಕಡೆಯ ದೀಪ ಆ ಕಡೆಯ ಗೋಡೆಯಲ್ಲಿ ಮಿಣುಕುತ್ತಿತ್ತು, ಆ ಕಡೆಯದು ಸೋಫಾದ ಮೇಲೆ. ಸುಮಾರು 38 ಡಿಗ್ರಿಯ ಕಿರಿದಾದ ಕಿರಣದ ಡೌನ್‌ಲೈಟ್ ಆಗಿದ್ದರೆ ರೆಕ್ಕೆಗೆ ಇಷ್ಟು ಸಿಗುತ್ತಿರಲಿಲ್ಲ. ಆದರೆ ಅಂಥ ದೀಪದ ಕೆಳಗೆ ನೆಲದ ಮೇಲೆ ಬೆಳಕಿನ ಗುಂಡು ಗುಂಡು ಕಲೆ ಬೀಳುತ್ತದೆ, ಮೂಲೆಗಳು ಕತ್ತಲಾಗುತ್ತವೆ, ಇನ್ನೂ ನಾಲ್ಕು ದೀಪ ಬೇಕು ಅನ್ನಿಸುತ್ತದೆ.

ಫ್ಯಾನ್ ಹತ್ತಿರದ 4 ದೀಪ ಆರಿಸಿ, ಗೋಡೆ ಪಕ್ಕದ 4 ಮಾತ್ರ ಉರಿಸಿ ನೋಡಿದೆವು. ಮಿಣುಕು ಕಡಿಮೆಯಾಯಿತು, ಓದಲು ಬೆಳಕೂ ಸಾಲದಾಯಿತು. ಫ್ಯಾನಿಗೆ ಉದ್ದನೆಯ ರಾಡ್ ಹಾಕಿ ಕೆಳಗಿಳಿಸುವ ಸಲಹೆಯೂ ಬಂತು. ರೆಕ್ಕೆ ಕೆಳಗಿಳಿದಷ್ಟೂ ಅದಕ್ಕೆ ತಾಗುವ ಬೆಳಕು ಇನ್ನೂ ನೇರವಾಗಿ ಇಳಿಯುವಂಥದ್ದು, ಅಂದರೆ ಪುಸ್ತಕಕ್ಕೆ ಬೇಕಾದ ಬೆಳಕೇ. ರಾಡ್ ಬದಲಿಸುವ ಯೋಚನೆ ಅಲ್ಲಿಗೇ ಬಿಟ್ಟೆವು. ಫ್ಯಾನ್ ಇರುವ ಕೋಣೆಗೆ ಡೌನ್‌ಲೈಟ್ ಯೋಚಿಸುವವರು ಫ್ಯಾನ್, ದೀಪ, ಕೂರುವ ಜಾಗ ಮೂರನ್ನೂ ಪಕ್ಕದಿಂದ ನೋಡಿದ ಹಾಗೆ ಕಾಗದದ ಮೇಲೆ ಬರೆದು ಗೆರೆ ಎಳೆದು ನೋಡಿ. ಹತ್ತು ನಿಮಿಷದ ಕೆಲಸ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಇದು ಯಾವತ್ತೂ ಕಾಣುವುದಿಲ್ಲ.

ಇನ್ನೊಂದು ತಲೆನೋವು ಮೇಲ್ಗಡೆಯದು. ನಮ್ಮ ಹಾಲ್ ಮೇಲೆ ನೇರ ಛಾವಣಿ. ಬಿಸಿಲು ಒಳಗಿಳಿಯದಿರಲಿ ಎಂದು ಸೀಲಿಂಗ್ ಮೇಲೆ ಗ್ಲಾಸ್‌ವುಲ್ (ಬಿಸಿ ತಡೆಯುವ ಗಾಜಿನ ನಾರಿನ ಹಾಸು) ಹಾಸಿಸಿದ್ದೆವು. ಡೌನ್‌ಲೈಟ್ ಕೂರಿಸುವವರು ಒಂದೊಂದು ತೂತಿನ ಸುತ್ತಲೂ ಅದನ್ನು ಸರಿಸಿ ಖಾಲಿ ಬಿಟ್ಟರು. ಅವರನ್ನು ಬೈದು ಉಪಯೋಗವಿಲ್ಲ, ಅಂಥ ಫಿಟ್ಟಿಂಗ್ ಮೇಲೆ ಗ್ಲಾಸ್‌ವುಲ್ ಮುಚ್ಚಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಎಲ್‌ಇಡಿ ತಣ್ಣಗಿರುತ್ತದೆ ಎಂಬ ಮಾತಿದೆಯಲ್ಲ, ಅದು ಪೂರ್ತಿ ನಿಜವಲ್ಲ. ಅದಕ್ಕೆ ಕೊಟ್ಟ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಲೂ ಶಾಖವೇ ಆಗುತ್ತದೆ. ಆ ಶಾಖ ದೀಪದ ಬೆನ್ನಿನಿಂದ ಹೊರಗೆ ಹೋಗಬೇಕು. ಹೀಗೆ 8 ತೂತು, 8 ಬೋಳು ಜಾಗ. ಮಧ್ಯಾಹ್ನ ಏಣಿ ಹತ್ತಿ ದೀಪದ ಅಂಚಿಗೆ ಕೈ ಹಿಡಿದರೆ ಬಿಸಿ ಗಾಳಿ ಇಳಿಯುವುದು ಬೆರಳಿಗೆ ತಾಗುತ್ತದೆ. ಗ್ಲಾಸ್‌ವುಲ್ ತಾಗಿದರೂ ಪರವಾಗಿಲ್ಲ ಎಂದು ಬರೆದಿರುವ, ಗಾಳಿ ನುಸುಳದ ಫಿಟ್ಟಿಂಗ್‌ಗಳು ಸಿಗುತ್ತವೆ. ಛಾವಣಿ ಕೆಳಗೆ ಡೌನ್‌ಲೈಟ್ ಬೇಕೇ ಬೇಕು ಅನ್ನುವವರು ಅವನ್ನೇ ಕೇಳಿ ತನ್ನಿ.

ಆಮೇಲೆ ಡ್ರೈವರ್‌ಗಳೂ ಒಂದರ ಹಿಂದೆ ಒಂದು ಕೆಟ್ಟವು. ಅದಕ್ಕೂ ಈ ಬಿಸಿ ಕಾರಣ ಇರಬೇಕು. ಅವುಗಳ ಒಳಗಿನ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಬಾಳಿಕೆ 10 ಡಿಗ್ರಿ ಬಿಸಿ ಏರಿದರೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ 25,000 ಗಂಟೆ ಎಂದು ಬರೆದಿದ್ದರೂ ಸೀಲಿಂಗ್ ಮೇಲಿನ ಸೆಕೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಕೋವ್ ಸ್ಟ್ರಿಪ್ ಬಗ್ಗೆ ಜಾಸ್ತಿ ದೂರಿಲ್ಲ. ಕಣ್ಣಿಗೆ ಹಿತ, ಮಲಗುವ ಮುಂಚೆ ಮಾತಾಡುತ್ತಾ ಕೂರಲು ಚೆಂದ. ನೆರಳು ಮೆತ್ತಗಿರುವುದರಿಂದ ಫ್ಯಾನಿನ ಕಾಟವೂ ಅಷ್ಟಾಗಿ ಇಲ್ಲ. ಆದರೆ ಓದಲು ಬರುವುದಿಲ್ಲ. ಬೆಳಕು ಮೊದಲು ಸೀಲಿಂಗ್‌ಗೆ ಹೋಗಿ ಬಡಿದು ಕೆಳಗೆ ಬರಬೇಕು. ಒಳ್ಳೆಯ ಬಿಳಿ ಬಣ್ಣ ನೂರರಲ್ಲಿ ಸುಮಾರು 80 ಪಾಲು ವಾಪಸ್ ಕೊಡುತ್ತದೆ, ಗಾಢ ಬಣ್ಣವಾದರೆ ಬಹುಪಾಲು ನುಂಗಿಬಿಡುತ್ತದೆ. ಕೋವ್ ಒಳಗಿನ ಧೂಳು ಇನ್ನಷ್ಟು ತಿನ್ನುತ್ತದೆ. ಹಾಕಿಸುವುದಾದರೆ 12 ವೋಲ್ಟ್ ಬದಲು 24 ವೋಲ್ಟ್ ಸ್ಟ್ರಿಪ್ ತೆಗೆದುಕೊಳ್ಳಿ. ಅಷ್ಟೇ ವ್ಯಾಟ್‌ಗೆ ಕರೆಂಟ್ ಅರ್ಧ ಸಾಕು, ಅದೇ ದಪ್ಪದ ವೈರಿನಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 12 ವೋಲ್ಟ್ ಸ್ಟ್ರಿಪ್‌ಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ 5 ಮೀಟರ್ ದಾಟುವ ಹೊತ್ತಿಗೆ ಕೊನೆಯ ಭಾಗ ಮಂಕಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಈಗ ಗೋಡೆ ದೀಪ. ಇದರ ಗೆಲುವಿಗೆ ಮುಖ್ಯ ಕಾರಣ ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. 3 ಮೀಟರ್ ಎತ್ತರದ ಸೀಲಿಂಗ್‌ನಿಂದ ಮೇಜಿನ ಮೇಲಿನ ಪುಸ್ತಕಕ್ಕೆ 2.25 ಮೀಟರ್. ಅದೇ ದೀಪವನ್ನು ಪುಸ್ತಕದಿಂದ 45 ಸೆಂಟಿಮೀಟರ್ ಮೇಲೆ ಹಿಡಿದರೆ ದೂರ ಐದರಲ್ಲೊಂದು ಪಾಲು, ಬೆಳಕು 25 ಪಟ್ಟು. ಓದಲು 300ರಿಂದ 500 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇದ್ದರೆ ಒಳ್ಳೆಯದು, ಓಡಾಡಲು 100 ಸಾಕು. ಇಡೀ ಕೋಣೆಯನ್ನು ಓದುವ ಮಟ್ಟಕ್ಕೆ ಬೆಳಗಿಸುವ ಬದಲು ಕೂತ ಜಾಗಕ್ಕೆ ಮಾತ್ರ ಅಷ್ಟು ಕೊಟ್ಟರೆ ಆಯಿತಲ್ಲ.

ಹಾಲ್‌ನಲ್ಲಿ ಈಗ 7 ವ್ಯಾಟ್‌ನ 4 ಗೋಡೆ ದೀಪ, ಸೋಫಾ ಪಕ್ಕ 8 ವ್ಯಾಟ್‌ನ ಒಂದು ಸ್ಟ್ಯಾಂಡ್ ಲ್ಯಾಂಪ್. ಒಟ್ಟು 36 ವ್ಯಾಟ್. ಮೊದಲು 96 ಇತ್ತು. ದಿನಕ್ಕೆ 5 ಗಂಟೆ ಎಂದರೂ ವರ್ಷಕ್ಕೆ 175 ಯೂನಿಟ್ ಇದ್ದದ್ದು 66ಕ್ಕೆ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಉರಿಸುವ ಸಂದರ್ಭವೂ ಕಡಿಮೆ, ಪ್ರತಿ ದೀಪಕ್ಕೂ ಬೇರೆ ಸ್ವಿಚ್ ಇದೆ. ಸೀಲಿಂಗ್‌ನಲ್ಲಿ ಹೊಸ ತೂತಿಲ್ಲ. ದೀಪ ಕೆಟ್ಟರೆ ಸ್ಟೂಲ್ ಹತ್ತಿ ನಾನೇ ಬಲ್ಬ್ ಬದಲಿಸುತ್ತೇನೆ.

ಇದರಲ್ಲೂ ನೋಡಿಕೊಳ್ಳಬೇಕಾದ್ದು ಇದೆ. ಮೇಲಕ್ಕೆ ಬೆಳಕು ಚೆಲ್ಲುವ ಗೋಡೆ ದೀಪವಾದರೆ ಫ್ಯಾನಿನ ನೆರಳು ಸೀಲಿಂಗ್ ಮೇಲೆ ಕುಣಿಯುತ್ತದೆ. ಮೇಲ್ಭಾಗ ಮುಚ್ಚಿ ಕೆಳಗೆ ಬೆಳಕು ಬಿಡುವುದನ್ನೇ ಆರಿಸಿ. ನೆಲದಿಂದ ಐದೂವರೆಯಿಂದ ಆರಡಿ ಎತ್ತರ ನಮಗೆ ಸರಿಹೋಯಿತು, ಬಲ್ಬ್ ಮಾತ್ರ ಕೂತವರ ಕಣ್ಣಿಗೂ ನಿಂತವರ ಕಣ್ಣಿಗೂ ನೇರವಾಗಿ ಕಾಣಬಾರದು. ಟಿವಿಯ ಎದುರಿನ ಗೋಡೆಗೆ ಬೇಡ, ಪರದೆಯಲ್ಲಿ ಪ್ರತಿಫಲಿಸುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಟೇಬಲ್ ಲ್ಯಾಂಪ್ ಎಡಕ್ಕಿರಲಿ.

ಬಣ್ಣದ ವಿಷಯ: ಮನೆಗೆ 2700ರಿಂದ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಚ್ಚನೆ ಬೆಳಕು, ಅಷ್ಟೇ.

ಡೌನ್‌ಲೈಟ್ ಎಲ್ಲ ಕಡೆಯೂ ಕೆಟ್ಟದ್ದು ಅನ್ನುತ್ತಿಲ್ಲ. ಬಾತ್‌ರೂಮ್‌ಗೆ, ಕಿರಿದಾದ ಪ್ಯಾಸೇಜ್‌ಗೆ ನಾನೂ ಅದನ್ನೇ ಹಾಕುತ್ತೇನೆ, ಅಲ್ಲಿ ಫ್ಯಾನ್ ಇಲ್ಲ, ಓದುವವರೂ ಇಲ್ಲ. ಅಡುಗೆಮನೆಯ ನಡುವೆ ಹಾಕಿದರೆ ಕಟ್ಟೆ ಮೇಲೆ ನಮ್ಮ ನೆರಳೇ ಬೀಳುತ್ತದೆ. ಅಲ್ಲಿಗೆ ಮೇಲಿನ ಕಪಾಟಿನ ಅಡಿಯಲ್ಲಿ, ಮುಂಭಾಗಕ್ಕೆ ಒಂದು ಸ್ಟ್ರಿಪ್ ಅಂಟಿಸಿದರೆ ಸಾಕು.

ಖರ್ಚು ಹೇಳುವುದಾದರೆ, ಗೋಡೆ ದೀಪಕ್ಕೆ ಫಾಲ್ಸ್ ಸೀಲಿಂಗೇ ಬೇಡ, ಅದೇ ದೊಡ್ಡ ಉಳಿತಾಯ. ಆದರೆ ಪಾಯಿಂಟ್‌ಗಳು ಪ್ಲಾಸ್ಟರಿಂಗ್‌ಗೆ ಮುಂಚೆಯೇ ಗೊತ್ತಾಗಬೇಕು. ಆಮೇಲೆ ಗೋಡೆ ಕೊರೆದರೆ ದೀಪಕ್ಕಿಂತ ಕೊರೆದದ್ದಕ್ಕೂ ಬಣ್ಣಕ್ಕೂ ಜಾಸ್ತಿ ಆಗುತ್ತದೆ. ನಾನು ರಾತ್ರಿ ಊಟದ ಮೇಲೆ ಒಂದೇ ಮೂಲೆಯಲ್ಲಿ ಕೂತು ಓದುವವನು, ನನಗೆ ಈ ಏರ್ಪಾಡು ಹೊಂದುತ್ತದೆ. ಮನೆ ತುಂಬಾ ಜನ, ನೆಲದ ಮೇಲೆಲ್ಲ ಮಕ್ಕಳ ಆಟ ಇರುವ ಮನೆಗೆ ನಡುವೆ ಒಂದು ಹರಡುವ ಬೆಳಕೂ ಬೇಕಾಗಬಹುದು. ಇಟ್ಟಿಗೆ ಗೋಡೆ ಎದ್ದ ಮೇಲೆ, ಪ್ಲಾಸ್ಟರಿಂಗ್ ಶುರುವಾಗುವ ಮುಂಚೆ ಒಂದು ಸಂಜೆ ಖಾಲಿ ಕೋಣೆಗೆ ಕುರ್ಚಿ, ಉದ್ದ ವೈರು, ಒಂದು ಬಲ್ಬ್ ತೆಗೆದುಕೊಂಡು ಹೋಗಿ. ಸೋಫಾ ಬರುವ ಜಾಗದಲ್ಲಿ ಕೂತು, ಬಲ್ಬನ್ನು ಗೋಡೆಗೆ ಹಿಡಿಸಿ ಮೇಲೆ ಕೆಳಗೆ ಮಾಡಿ ನೋಡಿ. ಸರಿ ಅನ್ನಿಸಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ.